ಎತ್ತಿ ಕುಡಿಯಲಾಗದ ನೀರು

ಹೋದ ವರ್ಷ ನನಗೆ ಸಣ್ಣಗೆ ಲಕ್ವ ಹೊಡೆದು ಬಾಯಿ ಸೊಟ್ಟಗಾಗಿತ್ತು. ಮುಖವೇನೋ ಸರಿಹೋಯಿತು. ಆದರೆ ಚೊಂಬೆತ್ತಿ ನೀರು ಹುಯ್ದುಕೊಂಡರೆ ಅರ್ಧ ಕಟವಾಯಿಯಿಂದ ಸೆರಗಿಗೇ ಇಳಿಯುತ್ತದೆ. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಲೋಟ ಕಚ್ಚಿಕೊಂಡೇ ಕುಡಿಯುತ್ತೇನೆ, ಕೇಳುವವರು ಯಾರು?

ಮಗಳಿಗೆ ಮುಳ್ಳೂರಿನ ಹುಡುಗ ಒಪ್ಪಿಗೆಯಾಗಿದ್ದ. ಅವರ ಮನೆ ನೋಡಿಕೊಂಡು ಬರಲು ನಾನೂ ಯಜಮಾನರೂ ಹೊರಟೆವು.

"ನಿನ್ ಬಾಯಿ ವಿಚಾರ ಎತ್ಬ್ಯಾಡ. ವಂಸದ್ ಕಾಯ್ಲೆ ಅಂದ್ಕಬುಟ್ಟಾರು," ಅಂದರು ಬಸ್ಸಿನಲ್ಲಿ. ನನಗೆ ಉರಿದುಹೋಯಿತು. ಆದರೂ ಹೂಂ ಅಂದೆ. ಸಂಬಂಧ ತಪ್ಪಿದರೆ ಎಂಬ ಹೆದರಿಕೆ ನನಗೂ ಇತ್ತು.

ಜಗಲಿಯ ಮೇಲೆ ಕೂತ ಕೂಡಲೇ ಹುಡುಗನ ತಾಯಿ ಫಳಫಳ ಬೆಳಗಿದ ಹಿತ್ತಾಳೆ ಚೊಂಬು ತಂದಿಟ್ಟರು. ನಮ್ಮ ಕಡೆ ನೀರು ಕುಡಿಯದೆ ಮಾತು ಶುರುವಾಗುವುದಿಲ್ಲ. ಬೇಡ ಅಂದರೆ ಸಂಬಂಧವೇ ಬೇಡ ಅಂದ ಹಾಗೆ. ತುಟಿಗೆ ತಾಗಿಸಿದರೆ ಚೊಂಬು ಎಂಜಲು. ಧೈರ್ಯ ಮಾಡಿ ಎತ್ತಿದೆ. ಎರಡು ಗುಟುಕು ಒಳಗೆ ಹೋಯಿತು, ಮಿಕ್ಕಿದ್ದು ಕುತ್ತಿಗೆಗಿಳಿದು ರವಿಕೆ ನೆನೆಯಿತು. ಹಾಳು ಬಾಯಿ. ಗಾಬರಿಯಲ್ಲಿ ಚೊಂಬಿನ ಅಂಚಿಗೆ ತುಟಿ ಹಚ್ಚಿಯೇ ಬಿಟ್ಟೆ. ಹುಡುಗನ ತಾಯಿ ನನ್ನನ್ನೇ ನೋಡುತ್ತಿದ್ದರು.

"ಅಲ್ಲು ನೋವು ಕಣ್ರಿ ಅವ್ಳ್ಗೆ," ಅಂದರು ಯಜಮಾನರು. ನಾನೂ ಹಲ್ಲುನೋವೇ ಎನ್ನುವಂತೆ ತಲೆಯಾಡಿಸಿದೆ.

ಅಷ್ಟರಲ್ಲಿ ಒಳಕೋಣೆಯಿಂದ ಹುಡುಗನ ಅಜ್ಜಿ ಗೋಡೆ ಹಿಡಿದುಕೊಂಡು ಬಂದರು. ಅಜ್ಜಿ ನೆಂಟರ ಮನೆಗೆ ಹೋಗಿದ್ದಾರೆ ಎಂದು ನಮಗೆ ಹೇಳಿದ್ದರು. ಮುಖದ ಒಂದು ಕಡೆ ಜೋತುಬಿದ್ದಿತ್ತು. ಕೈಯಲ್ಲಿ ಕೊಳವೆಯಂಥ ಮೂತಿಯ ಪುಟ್ಟ ತಾಮ್ರದ ಗಿಂಡಿ.

"ಅತ್ತೆಮ್ಮ, ಒಳಿಕ್ಕೋಗಿ," ಅಂದರು ಸೊಸೆ, ಮುಖ ಸಣ್ಣದು ಮಾಡಿಕೊಂಡು.

"ಸುಮ್ಕಿರವ್ವ. ಬಂದೋರು ಬಾಯಾರ್ಕಂಡ್ ಕೂತವ್ರೆ." ಅಜ್ಜಿ ನನ್ನ ಕಡೆ ತಿರುಗಿದರು. "ನನ್ ಮೊಕ ನೋಡಿ ನೀವು ಸಮ್ಮಂದ ಬ್ಯಾಡ ಅಂದ್ಬುಟ್ಟೀರಿ ಅಂತ ಒಳಗ್ ಕೂರ್ಸಿದ್ರು ಕಣವ್ವ. ಲಕ್ವ ಒಡ್ದದೆ ನಂಗೆ, ಎತ್ತಿ ಕುಡಿಯಕ್ಕಾಗಲ್ಲ. ತಕ್ಕ, ತೊಳ್ದಿವ್ನಿ. ಮೂತಿಯ ಕಟ್ಬಾಯ್ಗಿಟ್ಕಂಡು ನಿದಾನ್ವಾಗ್ ಕುಡಿ."

ಕುಡಿದೆ. ಒಂದು ಹನಿಯೂ ಚೆಲ್ಲಲಿಲ್ಲ. ಆ ಮುದುಕಿ ನನ್ನ ಬಾಯಾರಿಕೆಗಾಗಿ ತನ್ನ ಮೊಮ್ಮಗನ ಮದುವೆಯನ್ನೇ ಪಣಕ್ಕಿಟ್ಟು ಎದ್ದುಬಂದಿದ್ದರು. ನನಗೂ ಅದೇ ಆಗಿತ್ತು ಅಜ್ಜಿ ಅಂದಿದ್ದರೆ ಸಾಕಿತ್ತು. ಮಗಳ ಮುಖ ಕಣ್ಣ ಮುಂದೆ ಬಂತು, ಗಿಂಡಿಯ ಮೂತಿ ಒರೆಸಿ ಕೆಳಗಿಟ್ಟೆ. ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಗಿ ಕಣ್ಣು ತುಂಬಿಕೊಂಡಿತು.

ಅಜ್ಜಿ ಅದನ್ನು ನೋವೆಂದುಕೊಂಡರು. ಪಕ್ಕದಲ್ಲಿ ಕೂತು ನನ್ನ ಗಲ್ಲ ಹಿಡಿದು, "ಯಾವಲ್ಲು ಕಣವ್ವ ನೋಯ್ತಿರದು?" ಎಂದು ಕೇಳಿದರು.

ನಾನು ಬಾಯಿ ತೆರೆದು, ಗಟ್ಟಿಮುಟ್ಟಾಗಿದ್ದ ಒಂದು ದವಡೆ ಹಲ್ಲನ್ನು ಬೆರಳಿಟ್ಟು ತೋರಿಸಿದೆ.