ಪೆರೋಲ್ ಅರ್ಜಿಯ ಚಾಚಾ

ನಾನಾಗ ರಾಣೆಬೆನ್ನೂರಿನಲ್ಲಿ ವಕೀಲರೊಬ್ಬರ ಗುಮಾಸ್ತ. ಕೋರ್ಟಿನ ಮುಂದೆ ಬೇವಿನ ಗಿಡದ ಕೆಳಗೆ ಟೈಪಿಸ್ಟ್ ಚಾಚಾ ಕೂರುತ್ತಿದ್ದರು. ಜೀವಾವಧಿ ಕೈದಿಗಳ ಮನೆಯವರು ಪೆರೋಲ್ ಅರ್ಜಿಗೆ ಬಂದರೆ, ಕಾರ್ಬನ್ ಹಾಳೆಗೆ ಉಫ್ ಅಂತ ಊದಿ, "ತಾಯೀನ ಹಾಸಿಗಿ ಹಿಡಿಸ್ಲೇನ್ರಿ?" ಎಂದೇ ಕೇಳುವರು. ಬೇರೆ ಕಾರಣಕ್ಕೆ ಸರಕಾರ ಕರಗದೆಂಬುದು ಅವರ ಅನುಭವ. ಅವರ ಮಷಿನ್ನಿನಲ್ಲಿ ಒಬ್ಬ ತಾಯಿಯೂ ಎದ್ದು ಓಡಾಡಿದವಳಲ್ಲ.

ಒಮ್ಮೆ ಕುಪ್ಪೇಲೂರಿನ ಮುದುಕಿಯೊಬ್ಬಳು, ಕೊಲೆ ಕೇಸಿನಲ್ಲಿ ಒಳಗಿದ್ದ ಮಗನಿಗಾಗಿ ಬಂದಳು. ಚಾಚಾ ರೂಢಿಯಂತೆ ಅದನ್ನೇ ಕೇಳಿದರು.

"ಏ, ನಾನ ತಾಯಿ! ಗಟ್ಟಿ ಅದೇನಿ. ಗಟ್ಟಿ ಇದ್ದಾಗ ಕಳಸ್ರಿ, ರೊಟ್ಟಿ ಬಡದ ಹಾಕ್ತೇನಿ ಅಂತ ಬರಿಯೋ ತಮ್ಮಾ."

ಚಾಚಾ ನಕ್ಕು ಹಾಗೇ ಟೈಪ್ ಹೊಡೆದರು. ತಿಂಗಳೊಪ್ಪತ್ತಿನಲ್ಲಿ ಉತ್ತರ ಬಂತು: "ಕಾರಣ ಸಾಲದು."

ಚಾಚಾ ಹೊಸ ಹಾಳೆ ಏರಿಸಿ, ಆಕೆಯ ಮುಖ ನೋಡದೆ ಅಂದರು: "ಯವ್ವಾ, ಈ ಸಲ ಮಲಕೋ."