ಹುಸೇನ್‌ಬಿಯ ಹುಂಜಕ್ಕೆ ತಳಿ ಇಲ್ಲವಂತೆ!

ಗದಗ ಹೊಸ ಜಿಲ್ಲೆಯಾದ ಮರುವರ್ಷ ನಾನು ಮುಂಡರಗಿ ತಾಲ್ಲೂಕಿನಲ್ಲಿ ಪಶುವೈದ್ಯನಾಗಿದ್ದೆ. ಹೊಸ ಜಿಲ್ಲೆ, ಹೊಸ ಹುರುಪು. ಮೇಲಿನವರಿಗೆ ಎಲ್ಲವನ್ನೂ ಹೊಸದು ಮಾಡುವ ಆತುರ. ಕೋಳಿಗಳನ್ನೂ ಬಿಡಲಿಲ್ಲ. ಕಪ್ಪತಗುಡ್ಡದ ಬುಡದ ಊರುಗಳಲ್ಲಿ ಮನೆಮನೆಯ ಜವಾರಿ ಹುಂಜಗಳನ್ನು ಹಿಡಿದೊಯ್ದು, ಬದಲಿಗೆ ಫಾರ್ಮಿನ ಬಿಳಿ ಹುಂಜ ಕೊಡುವ ಯೋಜನೆ ಬಂತು. ಊರಲ್ಲಿ ಒಂದೂ ಜವಾರಿ ಹುಂಜ ಉಳಿಯಕೂಡದು, ಉಳಿದರೆ ತಳಿ ಸುಧಾರಿಸುವುದಿಲ್ಲ ಎಂದು ಆದೇಶ.

ನಾನೂ ನಮ್ಮ ಆಸ್ಪತ್ರೆಯ ಸಿಬ್ಬಂದಿಯೂ ಡಂಬಳದಾಚೆಯ ಒಂದು ಊರಿಗೆ ಹೋದೆವು. ನನ್ನ ಮಾತು ನಂಬಿ ಎಲ್ಲರೂ ಹುಂಜ ಕೊಟ್ಟರು, ಬುಟ್ಟಿಗಳು ತುಂಬಿದವು. ಉಳಿದದ್ದು ಹುಸೇನ್‌ಬಿ ಎಂಬ ರೈತ ಹೆಂಗಸಿನದೊಂದೇ. ಆಕೆ ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಬಾಗಿಲಲ್ಲೇ ನಿಂತಿದ್ದರು. ನಾನು ಫಾರಂ ತೆಗೆದು, ತಳಿಯ ಕಾಲಂನಲ್ಲಿ ಎಂದಿನಂತೆ 'ನಾನ್‌ಡಿಸ್ಕ್ರಿಪ್ಟ್' ಎಂದು ಬರೆದೆ.

"ಏನ್ ಬರದ್ರಿ, ಡಾಕ್ಟರ್ ಸಾಹೇಬ್ರ?"

"ಇಂಥಾದ್ದು ಅಂತ ವರ್ಣಿಸಾಕ ಬರದ ಕೋಳಿ ಅಂತ."

"ಯಾರಿಗೆ ಬರೂದಿಲ್ಲ? ನಿಮಗ ಬರೂದಿಲ್ಲ ಅಂತ ಬರೀರಿ!"

ಮುಖಕ್ಕೆ ಹೊಡೆದಂತಾಯಿತು. ಆಕೆ ಅಷ್ಟಕ್ಕೇ ಬಿಡಲಿಲ್ಲ.

"ಕಾಲು ನೋಡ್ರಿ, ಕರ್ರಗ, ಗಟ್ಟಿ. ದಿನಾ ಗುಡ್ಡದಾಗ ಕೆದರಿ ತಿಂತೈತಿ, ನಾ ಒಂದ ಹಿಡಿ ಕಾಳ ಹಾಕಿಲ್ಲ. ಗಿಡುಗ ಕಂಡ್ರ ಒಂದ ನಮೂನಿ ಕೂಗತೈತಿ, ಕಾಡಬೆಕ್ಕು ಕಂಡ್ರ ಬ್ಯಾರೆ ಕೂಗು. ಮರಿಗೋಳೆಲ್ಲಾ ಅಡಗ್ತಾವ. ನಿಮ್ಮ ಬಿಳೇದಕ್ಕ ಇದನ್ನೆಲ್ಲಾ ಯಾರ ಕಲಸ್ತಾರ್ರಿ? ಇದೂ ಹೋತಂದ್ರ ಬೀಜಾನ ಹೋತ್ರಿ."

ಐದು ವರ್ಷ ಕಾಲೇಜಿನಲ್ಲಿ ಓದಿದ ನಾನು ಆ ಎರಡು ಕೂಗುಗಳ ಬಗ್ಗೆ ಕೇಳಿಯೇ ಇರಲಿಲ್ಲ. ನಾಚಿಕೆಯಾಯಿತು, ಸಿಟ್ಟೂ ಬಂತು; ಸಿಟ್ಟು ನನ್ನ ಮೇಲೆಯೇ. ಬರೆದದ್ದನ್ನು ಹೊಡೆದುಹಾಕಿ, ಆಕೆ ಹೇಳಿದ್ದನ್ನೆಲ್ಲ ಫಾರಂನ ಹಿಂಬದಿ ತುಂಬುವಷ್ಟು ಬರೆದೆ. ಆಮೇಲೆ ಬುಟ್ಟಿಗಳ ಬಾಯಿ ಬಿಚ್ಚಿಸಿದೆ. ಹುಂಜಗಳು ದಿಕ್ಕಾಪಾಲಾಗಿ ಓಡಿ ತಮ್ಮ ತಮ್ಮ ಮನೆ ಸೇರಿದವು.

ಮೇಲಧಿಕಾರಿ ಫಾರಂ ತಿರುವಿ ನೋಡಿದರು. "ಏನ್ರೀ ಇದು, ಪುರಾಣ? ತಿದ್ದಿ ಬರೀರಿ. ಇಲ್ಲಾ, ಮೆಮೊ ತಗೋರಿ."

"ಮೆಮೊ ಕೊಡ್ರಿ, ಸರ್."

ಕೊಟ್ಟರು. ನಾನು ತಿದ್ದಿ ಬರೆದು ಸಹಿ ಹಾಕದ ಕಾರಣ ಆ ಊರಿನ ಕಾಗದ ಮುಂದೆ ಸರಿಯಲಿಲ್ಲ, ಹುಂಜಗಳು ಉಳಿದವು. ತಿಂಗಳೊಳಗೆ ನನಗೆ ಶಿರಹಟ್ಟಿಗೆ ವರ್ಗವಾಯಿತು. ಅಲ್ಲಿಯೂ ಅದೇ ಫಾರಂ, ಅದೇ ಕಾಲಂ. ಅಲ್ಲಿಯೂ ಹಿಂಬದಿ ತುಂಬಿಸಿಯೇ ಕಳಿಸಿದೆ. ಬೈಸಿಕೊಂಡೆ, ಬಗ್ಗಲಿಲ್ಲ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆಯಬೇಕು, ನಮ್ಮ ಅಜ್ಞಾನವನ್ನು ಕೋಳಿಯ ತಲೆಗೆ ಕಟ್ಟಬಾರದು.