ಅಡಿಗೆಮನೆಯಲ್ಲಿ ಅಮ್ಮನಿಗೆ ಸೂಜಿಮದ್ದು

ನಾನು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗ ಅಮ್ಮನೂ ಬಸುರಿ, ಅವಳಿಗೆ ಐದು ತಿಂಗಳು. ಇದನ್ನು ಈಗ ನಗುತ್ತ ಹೇಳುತ್ತೇನೆ. ಆಗ ನಮ್ಮ ಮನೆಯಲ್ಲಿ ಯಾರಿಗೂ ನಗು ಬಂದಿರಲಿಲ್ಲ. ಅಮ್ಮನಿಗೆ ಮೂವತ್ತೆಂಟು, ನನಗೆ ಇಪ್ಪತ್ತು. ಮನೆಗೆ ಅಳಿಯ ಬಂದ ಮೇಲೆ ಅತ್ತೆ ಬಸುರಿಯಾದರೆ ಜನ ಏನೆಂದಾರು ಎಂಬುದೇ ಅವಳ ಚಿಂತೆ. ಅಪ್ಪನಂತೂ ನನ್ನ ಗಂಡ ಬಂದಾಗಲೆಲ್ಲ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಜಾಹೀರಾತನ್ನೂ ಬಿಡದೆ ಓದುತ್ತಿದ್ದರು.

ಅರವತ್ತರ ದಶಕದ ಮಾತು. ಜಯನಗರದ ನಮ್ಮ ಬೀದಿಯಲ್ಲಿ ಆರೇ ಮನೆ, ಮಿಕ್ಕಿದ್ದೆಲ್ಲ ಕಲ್ಲು ನೆಟ್ಟ ಖಾಲಿ ಸೈಟು. ಮನೆ ಆರಾದರೂ ಕಣ್ಣು ನೂರು. ಅಮ್ಮ ತರಕಾರಿ ಗಾಡಿ ಬಂದರೂ ಹೊರಗೆ ಹೋಗುತ್ತಿರಲಿಲ್ಲ. ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು, ಬಾಗಿಲ ಸಂದಿಯಿಂದಲೇ ನನಗೆ ಬದನೆಕಾಯಿ ಆರಿಸಲು ಹೇಳಿಕೊಡುತ್ತಿದ್ದಳು.

ಅರ್ಧ ಮೈಲಿ ದೂರದಲ್ಲಿ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಿತ್ತು. ಅಲ್ಲಿಯ ಲೇಡಿ ಡಾಕ್ಟರು ಬಸುರಿಯರಿಗೆ ಧನುರ್ವಾಯು ತಡೆಯುವ ಇಂಜೆಕ್ಷನ್ನನ್ನು ಆಗಷ್ಟೇ ತರಿಸಲು ಶುರುಮಾಡಿದ್ದರು. ನನಗೆ ಮೊದಲನೆಯದನ್ನು ಹಾಕಿದ ನರ್ಸಮ್ಮ, ಕುಳ್ಳಗೆ ದಪ್ಪಗಿದ್ದ ನಡುವಯಸ್ಸಿನ ಹೆಂಗಸು, ತೋಳು ಉಜ್ಜುತ್ತ ಹೇಳಿದರು: "ಇದು ನಿನಗೂ ಆಯ್ತು, ಒಳಗಿರೋ ಮಗೂಗೂ ಆಯ್ತು. ಹೊಕ್ಕುಳು ಕೊಯ್ದ ಕಡೆಯಿಂದ ಕೊಳಕು ಸೇರಿ ಬರೋ ಕಾಯಿಲೆ ಕಣಮ್ಮ. ಏಳೆಂಟು ದಿನಕ್ಕೆ ಮಗು ಬಾಯಿ ಕಚ್ಕೊಂಡು ಹಾಲು ಬಿಟ್ಬಿಡುತ್ತೆ. ಆಮೇಲೆ ಉಳಿಯೋದು ಕಷ್ಟ."

ನಾವು ಬೇಗೂರಿನ ಕಡೆಯ ಹಳ್ಳಿಯಲ್ಲಿದ್ದಾಗ ಅಮ್ಮ ಎರಡು ಕೂಸುಗಳನ್ನು ಹೀಗೇ ಕಳೆದುಕೊಂಡಿದ್ದಳು. ಎಲ್ಲರೂ ಬಾಲಗ್ರಹ ಎಂದರು, ತಾಯಿತ ಕಟ್ಟಿದರು. ಗುಟ್ಟು ಕಾಪಾಡುವುದರಲ್ಲಿ ನಾನು ಎಂದೂ ಜಾಣೆಯಲ್ಲ. ಅಲ್ಲೇ ಕೂತು, ಅಮ್ಮ ಬಸುರಿಯಾಗಿರುವುದರಿಂದ ಹಿಡಿದು ಎಲ್ಲವನ್ನೂ ನರ್ಸಮ್ಮನಿಗೆ ಹೇಳಿಬಿಟ್ಟೆ.

"ಕರ್ಕೊಂಡು ಬಾ," ಎಂದರು ಅವರು.

ಅಮ್ಮ ಒಪ್ಪಬೇಕಲ್ಲ. "ಅಲ್ಲಿ ಬೆಂಚಿನ ಮೇಲೆ ಮಗಳ ಪಕ್ಕ ಹೊಟ್ಟೆ ಹೊತ್ಕೊಂಡು ಕೂತ್ಕೊಳ್ಳೋದಕ್ಕಿಂತ ಕೆರೆನೋ ಬಾವಿನೋ ನೋಡ್ಕೊಳ್ತೀನಿ," ಎಂದಳು.

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. "ಹಾಗಾದ್ರೆ ಮಾನ ಇಟ್ಕೊಂಡು ಇದನ್ನೂ ಕಳ್ಕೋ," ಎಂದುಬಿಟ್ಟೆ. ಅಮ್ಮ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆಡಿದ ಮಾತನ್ನು ವಾಪಸು ನುಂಗುವ ಹಾಗಿದ್ದರೆ ಆಗಲೇ ನುಂಗಿರುತ್ತಿದ್ದೆ.

ಮೂರನೆಯ ದಿನ ಮಧ್ಯಾಹ್ನ, ಡ್ಯೂಟಿ ಮುಗಿಸಿಕೊಂಡು ನರ್ಸಮ್ಮನೇ ನಮ್ಮ ಮನೆಗೆ ನಡೆದು ಬಂದರು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮದ್ದು ಕೆಡದಂತೆ ಐಸ್ ತುಂಬಿದ ಫ್ಲಾಸ್ಕು. ಎದುರುಮನೆಯಾಕೆ ತನ್ನ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ಅವರಿಗೆ ಕೇಳಲೆಂದೇ ನರ್ಸಮ್ಮ ಬಾಗಿಲಲ್ಲಿ ನಿಂತು ಗಟ್ಟಿಯಾಗಿ, "ನಿಮ್ಮ ಮಗಳನ್ನ ನೋಡ್ಕೊಂಡು ಹೋಗೋಣಾಂತ ಬಂದೆ ಅಮ್ಮಾ," ಎಂದವರೇ ನೇರ ಅಡಿಗೆಮನೆಗೆ ನುಗ್ಗಿದರು. ಮಡಿ ಮೈಲಿಗೆ ಎನ್ನಲು ಅಮ್ಮನಿಗೆ ಸಮಯವೇ ಸಿಗಲಿಲ್ಲ. ನಮ್ಮದೇ ಸ್ಟೋವಿನ ಮೇಲೆ, ನಮ್ಮದೇ ಹಾಲಿನ ಪಾತ್ರೆಯಲ್ಲಿ ಸಿರಿಂಜು ಕುದಿಯತೊಡಗಿತು.

"ಎಷ್ಟು ಮಕ್ಕಳು ಹೋದ್ವು?" ನರ್ಸಮ್ಮ ಅಮ್ಮನನ್ನು ಮೆಲ್ಲಗೆ ಕೇಳಿದರು.

ಅಮ್ಮ ಆ ಕೂಸುಗಳ ಮಾತು ಎತ್ತಿದ್ದನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಕುದಿಯುವ ನೀರನ್ನೇ ನೋಡುತ್ತ, "ಎರಡು," ಎಂದಳು. "ಎರಡನೇದು ಏಳನೇ ದಿನ ಬೆಳಿಗ್ಗೆವರೆಗೂ ಚೆನ್ನಾಗಿ ಕುಡೀತು. ಮಧ್ಯಾಹ್ನ ಎದೆ ಬಾಯಿಗಿಟ್ರೆ ಬಾಯೇ ತೆಗೀಲಿಲ್ಲ."

ನರ್ಸಮ್ಮ ನೀರಿನಿಂದ ಸಿರಿಂಜನ್ನು ಎತ್ತಿ ಮದ್ದು ತುಂಬಿದರು. ಅಮ್ಮ ತಾನೇ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ ಅವರ ಕಡೆಗೆ ತಿರುಗಿದಳು.

ತಿಂಗಳ ಮೇಲೆ ನನಗೆ ಆಸ್ಪತ್ರೆಯಲ್ಲಿ ಗಂಡುಮಗುವಾಯಿತು. ಅದನ್ನು ನೋಡುವ ನೆಪದಲ್ಲಿ ನರ್ಸಮ್ಮ ಮತ್ತೆ ಮನೆಗೆ ಬಂದು ಅಮ್ಮನಿಗೆ ಎರಡನೆಯ ಇಂಜೆಕ್ಷನ್ನನ್ನೂ ಹಾಕಿ ಹೋದರು. ಡ್ಯೂಟಿ ಮುಗಿದ ಮೇಲೂ ಯಾರಿಗಾಗಿ ನಡೆದು ಬಂದರು ಎಂದು ಈಗಲೂ ಯೋಚಿಸುತ್ತೇನೆ. ನಾವೇನು ಅವರ ನೆಂಟರೇ, ಇಷ್ಟರೇ? ಆ ಋಣ ನನ್ನ ಮೇಲೆ ಹಾಗೇ ಇದೆ, ತೀರುವುದೂ ಬೇಡ.

ಅಮ್ಮನಿಗೆ ನೋವು ಶುರುವಾದದ್ದು ಹಾಡಹಗಲು, ಅಪ್ಪ ಆಫೀಸಿನಲ್ಲಿದ್ದಾಗ. ಜಟಕಾ ತರಿಸುತ್ತೇನೆಂದರೆ ಬೀದಿಯವರೆಲ್ಲ ನೋಡುತ್ತಾರೆಂದು ಬೇಡವೇ ಬೇಡ ಎಂದಳು. ಯಡಿಯೂರಿನಿಂದ ಸೂಲಗಿತ್ತಿಯನ್ನು ಕರೆಸಿದೆವು. ನರ್ಸಮ್ಮ ಹೇಳಿಕೊಟ್ಟಂತೆ ಹೊಸ ಬ್ಲೇಡನ್ನು ಕುದಿಸಿ ತಂದೆ. ಅಷ್ಟರಲ್ಲಿ ಆ ಮುದುಕಿ ಸೊಂಟದಲ್ಲಿದ್ದ ತನ್ನ ಚಾಕುವಿನಿಂದಲೇ ಹೊಕ್ಕುಳಬಳ್ಳಿ ಕೊಯ್ದು, ಬೆರಣಿ ಬೂದಿ ಮೆತ್ತಿ, "ಹೆಣ್ಣು ಕಣವ್ವ," ಎಂದು ಕೈ ತೊಳೆಯಲು ಎದ್ದಾಗಿತ್ತು. ಅಮ್ಮ ನನ್ನ ಮುಖ ನೋಡಿದಳು. ಕುದಿಸಿ ಆರಿಸಿದ ನೀರಿನಿಂದ ಬೂದಿಯನ್ನೆಲ್ಲ ಒರೆಸಿ ತೆಗೆದೆ.

ಬಾಣಂತನಕ್ಕೆಂದು ತವರಿಗೆ ಬಂದವಳು ಅಮ್ಮನ ಬಾಣಂತನ ಮಾಡಿದೆ. ಒಲೆಗೆ ಸೌದೆ ಒಟ್ಟಿ ಇಬ್ಬರಿಗೂ ನೀರು ಕಾಯಿಸುತ್ತಿದ್ದೆ, ಎರಡು ಕೂಸುಗಳ ಬಟ್ಟೆ ಒಂದೇ ಹಗ್ಗದಲ್ಲಿ ಒಣಗುತ್ತಿತ್ತು. ಆದರೆ ನಮ್ಮಿಬ್ಬರ ಲೆಕ್ಕವೆಲ್ಲ ಆ ಏಳನೆಯ ದಿನದ ಮೇಲೆ. ಅಂದು ಮಧ್ಯಾಹ್ನ ಮಗು ಎಚ್ಚರಾಗಿ ಕುಂಯ್ ಎಂದಾಗ ಅಮ್ಮ ಅದನ್ನು ಎತ್ತಿಕೊಳ್ಳಲೇ ಇಲ್ಲ. "ನೀನೇ ಕೊಡು," ಎಂದು ಗೋಡೆಯ ಕಡೆ ತಿರುಗಿಕೊಂಡಳು. ನಾನು ಮಗುವನ್ನು ಎದೆಗೆ ಹಚ್ಚಿಕೊಂಡೆ. ಬಾಯಿ ತೆರೆದು ಎಷ್ಟು ಬಲವಾಗಿ ಕಚ್ಚಿ ಹಿಡಿಯಿತೆಂದರೆ ನಾನು "ಅಯ್ಯೋ ರಾಕ್ಷಸಿ," ಎಂದು ಕೂಗಿಕೊಂಡೆ. ಅಮ್ಮ ಗೋಡೆಯ ಕಡೆಗೇ ತಿರುಗಿ ಅಳುತ್ತಿದ್ದಳು. ಎಂಟೂ ಕಳೆಯಿತು, ಒಂಬತ್ತು, ಹತ್ತೂ ಕಳೆಯಿತು.

ಹನ್ನೊಂದನೆಯ ದಿನ ಪುಣ್ಯಾಹ ಮುಗಿದದ್ದೇ ಅಮ್ಮ ತಲೆಗೆ ಕಿವಿ ಮುಚ್ಚುವಂತೆ ಬಟ್ಟೆ ಸುತ್ತಿಕೊಂಡು ಮಗುವನ್ನು ಎತ್ತಿಕೊಂಡಳು. ಜಟಕಾ ಬೇಡ, ನಡೆದೇ ಬರುತ್ತೇನೆ ಎಂದಳು. ಹಸಿ ಬಾಣಂತಿ ಹೊಸ್ತಿಲು ದಾಟುವುದೇ ಹೆಚ್ಚು. ಅವಳು ಬೀದಿಯ ನಡುವೆಯೇ ಹೊರಟಳು. ಎದುರುಮನೆಯಾಕೆ ಜಗಲಿಯಿಂದ ಎದ್ದು ನಿಂತರು. ನಾನು ನನ್ನ ಮಗನನ್ನೆತ್ತಿಕೊಂಡು ಹಿಂದೆ ಓಡಿದೆ.

ಆಸ್ಪತ್ರೆಯ ಬೆಂಚಿನ ಮೇಲೆ ಬಸುರಿಯರು ತುಂಬಿದ್ದರು. ಒಬ್ಬಾಕೆ ಸರಿದು ಜಾಗ ಕೊಟ್ಟು, "ಎರಡೂ ಮೊಮ್ಮಕ್ಕಳಾ ಅಮ್ಮ?" ಎಂದಳು. ನಾನು ಏನಾದರೂ ಹೇಳಿ ತೇಲಿಸೋಣವೆಂದು ಬಾಯಿ ತೆರೆದೆ.

"ಅವನು ಮೊಮ್ಮಗ. ಇವಳು ನಾನು ಹೆತ್ತ ಮಗಳು," ಎಂದಳು ಅಮ್ಮ, ಬೆಂಚಿನವರೆಲ್ಲರಿಗೂ ಕೇಳುವಂತೆ.

ಅಷ್ಟರಲ್ಲಿ ನರ್ಸಮ್ಮ ಹೊರಗೆ ಬಂದರು. ಅಮ್ಮ ಎದ್ದು ಮಗುವನ್ನು ಅವರ ಕೈಯಲ್ಲಿಟ್ಟಳು.

"ನಾಳೆ ನಮ್ಮನೇಲಿ ತೊಟ್ಟಿಲು. ನೀವು ಬಂದು ಇವಳನ್ನ ಹೆಸರು ಹಿಡಿದು ಕರೀಬೇಕು," ಎಂದಳು. "ಹೋದ ಎರಡಕ್ಕೂ ಹೆಸರೇ ಇರ್ಲಿಲ್ಲ ನರ್ಸಮ್ಮ. ಹೆಸರಿಡೋ ದಿನದ ತನಕ ಅವು ಉಳೀಲೇ ಇಲ್ಲ."